ಮಾಸ್ತರ ಅಂಗಿ ಮತ್ತು ಲಾಂಡ್ರಿ ಎಂಬ ಮಾತು

ನಮ್ಮ ಮನೆಯ ಹುಡುಗಿ ಸುಮಾ ಲಿಂಗಸುಗೂರಿನಲ್ಲಿ ಹೊಸ ಅಂಗಡಿ ಹಾಕುತ್ತಿದ್ದಾಳೆ. ದೊಡ್ಡ ಮಷಿನ್‌ಗಳು ಬಂದಿವೆ, ಉಗಿ ಇಸ್ತ್ರಿ ಬಂದಿದೆ, ಗಿರಾಕಿಯ ಬಟ್ಟೆಯ ಫೋಟೊ ತೆಗೆದು ಮೊಬೈಲಿನಲ್ಲೇ ಒಪ್ಪಿಸಿಕೊಳ್ಳುವ ಏರ್ಪಾಡೂ ಆಗಿದೆ. ಬೋರ್ಡ್ ಒಂದು ಬಾಕಿ. ಹೋದ ವಾರ ಸಿಂಧನೂರಿಗೆ ಬಂದವಳು ನನ್ನ ಮಂಚದ ತುದಿಗೆ ಕುಳಿತು, "ದೊಡ್ಡವ್ವ, ಲಾಂಡ್ರಿ ಅನ್ನೂದು ಭಾಳ ಹಳೇದಾತು. ಬ್ಯಾರೆ ಏನರ ಚಂದನ ಹೆಸರು ಹೇಳು" ಅಂದಳು.

ನನಗೆ ಸಿಟ್ಟು ಬಂತು. ಸಿಟ್ಟು ನನಗೆ ಬೇಗ ಬರುತ್ತದೆ, ಅದು ಊರಿಗೇ ಗೊತ್ತು. ಆದರೆ ಅವಳು ಹೋದ ಮೇಲೆ ಯೋಚಿಸಿದೆ. ಲಾಂಡ್ರಿ ಅನ್ನುವ ಮಾತು ನಮ್ಮ ಮನೆಗೆ ಹೇಗೆ ಬಂತು, ಅದು ಬರುವ ಮೊದಲು ಜನ ನಮ್ಮನ್ನು ಏನೆಂದು ಕೂಗುತ್ತಿದ್ದರು ಎಂಬುದು ಈ ಹುಡುಗಿಗೆ ಹೇಗೆ ಗೊತ್ತಾಗಬೇಕು? ಯಾರೂ ಹೇಳಿಲ್ಲ. ನಾನು ಹೇಳದಿರಲು ಒಂದು ಕಾರಣವಿದೆ. ಆ ಮಾತು ತೆಗೆದರೆ ಮಾಸ್ತರ ನೆನಪಾಗುತ್ತದೆ, ಮಾಸ್ತರ ನೆನಪಾದರೆ ಅವರ ಕೆನೆ ಬಣ್ಣದ ಅಂಗಿ ನೆನಪಾಗುತ್ತದೆ, ಅಂಗಿ ನೆನಪಾದರೆ ಕಾಲುವೆ ದಂಡೆಯ ಆ ಬೆಳಗು ಬಂದು ಎದುರಿಗೆ ನಿಲ್ಲುತ್ತದೆ. ಆಮೇಲೆ ಆ ದಿನವೆಲ್ಲ ನನಗೆ ಅನ್ನ ಸೇರುವುದಿಲ್ಲ. ಆದರೂ ಈ ಕೆಲಸಕ್ಕೆ ಇಳಿಯುವವರಿಗೆ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ. ಈಗ ಅಂಗಡಿಗೆ ಹೋಗುವುದು ಬಿಟ್ಟಿದ್ದೇನೆ, ಮೊಣಕಾಲು ನಿಲ್ಲಗೊಡುವುದಿಲ್ಲ. ಬರೆಯಲು ಪುರುಸೊತ್ತಿದೆ.

ನನ್ನ ತವರು ಪಾಮನಕಲ್ಲೂರು. ಮಳೆಯನ್ನೇ ನಂಬಿದ ಊರು. ಬೇಸಿಗೆಯಲ್ಲಿ ಬಟ್ಟೆ ಒಗೆಯಬೇಕೆಂದರೆ ಹಳ್ಳದ ಉಸುಕಿನಲ್ಲಿ ಒರತೆ ತೋಡಿ, ನೀರು ಕೂಡುವ ತನಕ ಕಾಯಬೇಕು. ಅಪ್ಪ ಚೌಳು ಮಣ್ಣಿನ ನೀರಿನಲ್ಲಿ ಬಟ್ಟೆ ಅದ್ದಿ, ನೀರು ತುಂಬಿದ ದೊಡ್ಡ ಮಣ್ಣಿನ ಹರವಿಯ ಮೇಲೆ ಸುತ್ತಿಟ್ಟು, ಕೆಳಗೆ ಉರಿ ಹಾಕಿ ಆವಿಯಲ್ಲಿ ಬೇಯಿಸುತ್ತಿದ್ದ. ಅದಕ್ಕೆ ಉಬ್ಬೆ ಹಾಕುವುದು ಅನ್ನುತ್ತಾರೆ. ಉರಿ ಹೆಚ್ಚಾದರೆ ತಳದ ಬಟ್ಟೆ ಕೆಂಪಾಗುತ್ತದೆ, ಕಡಿಮೆಯಾದರೆ ಕೊಳೆ ಬಿಡುವುದಿಲ್ಲ. ಉಬ್ಬೆ ಇಳಿಸುವ ತನಕ ಅಪ್ಪ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಇಡೀ ಊರಿನ ಬಟ್ಟೆ ಆ ಹರವಿಯ ಮೇಲೆ ಇರುತ್ತಿತ್ತಲ್ಲ! ಅಂಜಿಕೆ ನನಗೆ ಅಪ್ಪನಿಂದಲೇ ಬಂದದ್ದು ಎಂದು ಕಾಣುತ್ತದೆ.

ಅಲ್ಲಿ ನಮ್ಮನ್ನು ಅಗಸರು ಅನ್ನುತ್ತಿದ್ದರು. ಅದರಲ್ಲಿ ತಪ್ಪೇನಿಲ್ಲ, ನಾವು ಅಗಸರೇ. ಆದರೆ ನನ್ನಪ್ಪನಿಗೆ ಒಂದು ಹೆಸರಿತ್ತು. ಮನೆಮನೆಯ ಮುಂದೆ ನಿಂತಾಗ ಆ ಹೆಸರಿನಿಂದ ಯಾರೂ ಕರೆದದ್ದನ್ನು ನಾನು ಕೇಳಲಿಲ್ಲ. "ಅಗಸ ಬಂದಾನ ನೋಡು" ಅನ್ನುವರು, ಅಷ್ಟೇ. ಮದುವೆಯಾಗಿ ಸಿಂಧನೂರಿಗೆ ಬಂದೆ. ಇಲ್ಲಿ ಸಾಬರ ಓಣಿಯಲ್ಲಿ ನಾವು ಧೋಬಿ. ಕಾಲುವೆ ನೀರು ನಂಬಿ ಆಂಧ್ರದಿಂದ ಬಂದು ನೆಲೆ ನಿಂತವರ ಕ್ಯಾಂಪುಗಳಲ್ಲಿ ನಾವು ಚಾಕಲಿ. ಉಳಿದ ಕಡೆ ಅಗಸರು, ಸ್ವಲ್ಪ ಮರ್ಯಾದೆ ಕೊಡುವವರ ಬಾಯಲ್ಲಿ ಮಡಿವಾಳರು. ಮೂರು ಭಾಷೆಯಲ್ಲಿ ಕರೆದರೂ ನನ್ನ ಗಂಡ ಅಮರೇಶನನ್ನು ಅಮರೇಶ ಎಂದು ಕರೆದವರು ಕಡಿಮೆ. ಮಡಿ ಎಂದರೆ ಒಗೆದ ಬಟ್ಟೆ, ಮಡಿ ಎಂದರೆ ಮುಟ್ಟಬಾರದ ಶುದ್ಧ. ಆ ಮಡಿಯನ್ನು ಮಾಡಿಕೊಡುವ ಕೈಯನ್ನೇ ಹೊಸ್ತಿಲ ಹೊರಗೆ ನಿಲ್ಲಿಸುತ್ತಿದ್ದರು. ಇದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ನನಗೆ ಈ ಕೆಲಸದಲ್ಲಿ ಮೇಲಧಿಕಾರಿ ಎಂದರೆ ಅತ್ತೆ ದುರುಗವ್ವ. ದೊಡ್ಡ ಸಾಹೇಬರೂ ಅಷ್ಟು ಬಿಗಿ ಇರಲಿಕ್ಕಿಲ್ಲ. ನಾನು ಮಡಚಿಟ್ಟ ಅಂಗಿಯನ್ನು ಎತ್ತಿ ಕಟ್ಟೆಯ ಮೇಲೆ ಬಿಸಾಡುತ್ತಿದ್ದಳು. ಬಿಚ್ಚಿಕೊಂಡರೆ, "ಇದು ಘಡಿ ಅಲ್ಲ, ಗಂಟು" ಎಂದು ಮತ್ತೆ ಮಾಡಿಸುತ್ತಿದ್ದಳು. ಅಂಗಿಯ ಘಡಿ ಅವಳದೇ ಒಂದು ರೀತಿ. ಗುಂಡಿ ಹಾಕಿ, ಬೋರಲು ಮಲಗಿಸಿ, ಎರಡೂ ತೋಳನ್ನು ಬೆನ್ನ ಮೇಲೆ ಒಂದರ ಮೇಲೊಂದು ಅಡ್ಡ ಹಾಯಿಸಿ, ಆಮೇಲೆ ಕೆಳಗಿನಿಂದ ಮಡಚಿ ಕಾಲರಿನ ಒಳಗೆ ಸೇರಿಸುವುದು. ಬೇರೆ ಅಂಗಡಿಯವರು ತೋಳನ್ನು ಅಡ್ಡ ಹಾಯಿಸುತ್ತಿರಲಿಲ್ಲ. ನಾನು, ನನ್ನ ಗಂಡ, ಮೈದುನ ಬಸವರಾಜ ಮೂವರೂ ಅವಳ ಕೈಯಲ್ಲಿ ಪಳಗಿದವರು.

"ಮನಿಗೆ ಬೆಂಕಿ ಬಿದ್ರೂ ಮೊದಲ ಗಿರಾಕಿ ಅಂಗಿ ಘಡಿ ಮಾಡು, ಆಮ್ಯಾಲೆ ಓಡು" ಅನ್ನುತ್ತಿದ್ದಳು ಅತ್ತೆ.

"ಬೆಂಕಿ ಬಿದ್ರ ಘಡಿ ಮಾಡ್ಕೋತ ಕುಂದ್ರಲೇನು ಅತ್ತಿ?" ಎಂದು ನಾನೊಮ್ಮೆ ಕೇಳಿಬಿಟ್ಟೆ.

"ಕುಂದ್ರು. ನಿನ್ನ ಸುಟ್ಟ ಮೈ ತೊಗಲು ಮತ್ತ ಬರತೈತಿ. ಅವರ ಅಂಗಿ ಬರಂಗಿಲ್ಲ."

ಆಗ ನಕ್ಕಿದ್ದೆವು. ಬಸವರಾಜ ಎಲ್ಲರಿಗಿಂತ ಹೆಚ್ಚು ನಕ್ಕಿದ್ದ.

ಬಸ್‌ಸ್ಟ್ಯಾಂಡ್ ಕಡೆಯ ರಸ್ತೆಯಲ್ಲಿ ಒಂದು ತಗಡಿನ ಅಂಗಡಿ ಸಿಕ್ಕಾಗ ಬೋರ್ಡ್ ಬರೆಸುವ ಮಾತು ಬಂತು. ಪೇಂಟರ್ ಕೇಳುವ ಮೊದಲೇ ಬಸವರಾಜ ಹೇಳಿದ, "ಲಾಂಡ್ರಿ ಅಂತ ಬರಿ." ಯಾವ ಲಾಂಡ್ರಿ, ಯಾರ ಲಾಂಡ್ರಿ ಏನೂ ಇಲ್ಲ. ಹಳದಿ ತಗಡಿನ ಮೇಲೆ ಕೆಂಪಕ್ಷರದಲ್ಲಿ ಲಾಂಡ್ರಿ, ಅಷ್ಟೇ. ಆದರೆ ಸುಮಾ, ಆ ಮಾತಿನ ಜೋರು ನಿನಗೆ ಗೊತ್ತಿಲ್ಲ. ಅದೇ ಜನ, ಅದೇ ಬಟ್ಟೆ. ಆದರೂ ನಾವು ಅವರ ಬಾಗಿಲಿಗೆ ಹೋಗುವುದು ನಿಂತು ಅವರು ನಮ್ಮ ಬಾಗಿಲಿಗೆ ಬರತೊಡಗಿದರು. "ಲಾಂಡ್ರ್ಯಾಗ ಕೊಟ್ಟೀನಿ" ಎನ್ನುವಾಗ ಯಾರ ಬಾಯಲ್ಲೂ ನಮ್ಮ ಜಾತಿ ಬರುತ್ತಿರಲಿಲ್ಲ. ನನ್ನನ್ನು ಲಾಂಡ್ರಿ ಅಕ್ಕ ಅನ್ನತೊಡಗಿದರು. ಬೋರ್ಡ್ ಹಚ್ಚಿದ ದಿನ ರಾತ್ರಿ ನನ್ನ ಗಂಡ ಊಟ ಮಾಡುತ್ತ ಸುಮ್ಮಸುಮ್ಮನೆ ನಗುತ್ತಿದ್ದ.

ಆ ಮಾತಿನ ಮೂಲ ಹೇಳಿದವರು ಮಾಸ್ತರು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು, ನಮ್ಮ ಅಂಗಡಿಯ ಹಿಂದಿನ ಓಣಿಯಲ್ಲೇ ಮನೆ. ಅಂಗಿಯ ಗುಂಡಿಯನ್ನು ಮೇಲೆ ಕೆಳಗೆ ಹಾಕಿಕೊಂಡು ಬರುವ ಮನುಷ್ಯ, ಆದರೆ ಮಾತಿಗೆ ಕುಳಿತರೆ ಎದ್ದು ಹೋಗಲು ಮನಸ್ಸಾಗದು. ಒಂದು ದಿನ ಬೋರ್ಡ್ ನೋಡುತ್ತ ನಿಂತು, "ನಿಂಗಮ್ಮ, ಈ ಮಾತು ಎಲ್ಲಿಂದ ಬಂತು ಗೊತ್ತೇನು?" ಅಂದರು.

"ಪೇಂಟರ್ ಕಡೆಯಿಂದ ಬಂತ್ರಿ" ಎಂದೆ.

ಅವರು ನಕ್ಕು ಸ್ಟೂಲಿನ ಮೇಲೆ ಕುಳಿತರು. "ಲ್ಯಾಟಿನ್ ಅಂತ ಒಂದು ಹಳೇ ಭಾಷೆ. ಅದರಾಗ ಲವಾರೆ ಅಂದ್ರ ತೊಳಿಯೂದು. ಅದರಿಂದ ಒಗಿಯಾಕ ಇಟ್ಟ ಅರಿವಿಗೊಂದು ಹೆಸರು ಹುಟ್ಟಿತು. ಆಮ್ಯಾಲೆ ಅದು ಫ್ರೆಂಚರ ಬಾಯಿಗೆ ಬಿದ್ದು ಒಗಿಯೋ ಮನಷ್ಯಾರ ಹೆಸರಾತು. ಇಂಗ್ಲಿಷಿಗೆ ಬಂದಾಗನೂ ಮೊದಲಿಗೆ ಒಗಿಯೋ ಹೆಂಗಸಿಗೆ, ಗಂಡಸಿಗೆ ಹಂಗ ಕರೀತಿದ್ರು. ಬರಬರತ ಒಗಿಯೋ ಕೆಲಸಕ್ಕ, ಒಗಿಯೋ ಜಾಗಕ್ಕ ಲಾಂಡ್ರಿ ಅನ್ನಾಕತ್ತರು."

"ಮತ್ತ ಮನಷ್ಯಾರು ಎಲ್ಲಿ ಹೋದ್ರು?"

"ಅಂಗಡಿ ಒಳಗ ಹೋದ್ರು ನೋಡು. ಬೋರ್ಡಿನ ಮ್ಯಾಲೆ ಉಳೀಲಿಲ್ಲ."

ಇಸ್ತ್ರಿ ಪೆಟ್ಟಿಗೆಗೆ ಇದ್ದಲಿ ತುಂಬುತ್ತಿದ್ದ ಖಾಜಾಸಾಬ ತಲೆ ಎತ್ತಿ, "ಇಸ್ತ್ರಿ ಅನ್ನೂದು ಎಲ್ಲೀದ್ರಿ ಮಾಸ್ತರ?" ಎಂದು ಕೇಳಿದ. ಖಾಜಾಸಾಬ ನಮ್ಮ ಅಂಗಡಿಯ ಇಸ್ತ್ರಿಯವನು. "ಅದು ಪೋರ್ಚುಗೀಸರದು ಅಂತಾರ. ಎಳೆದು ಹಿಗ್ಗಿಸೂದು ಅಂತ ಅರ್ಥ" ಅಂದರು ಮಾಸ್ತರು. "ನಾನು ಎಳೀಲಿಲ್ಲ, ಅದಾ ನನ್ನ ಎಳೀಲಿಕ್ಕತ್ತೈತಿ" ಎಂದು ಖಾಜಾಸಾಬ ಹೆಗಲು ತಿಕ್ಕಿಕೊಂಡ. ಎಲ್ಲರೂ ನಕ್ಕೆವು. ಆದರೆ ಮನುಷ್ಯರು ಅಂಗಡಿಯ ಒಳಗೆ ಹೋದರು ಎಂಬ ಮಾತು ನನ್ನ ತಲೆಯಲ್ಲಿ ಕುಳಿತುಬಿಟ್ಟಿತು.

ಇನ್ನು ಕೆಲಸದ ಮಾತು. ಸುಮಾ, ಮಷಿನ್ ಇದ್ದರೆ ಚಿಂತೆ ಇಲ್ಲ ಎಂದುಕೊಳ್ಳಬೇಡ. ಈ ಕೆಲಸದ ಬಂಡವಾಳವೇ ಅಂಜಿಕೆ. ಇನ್ನೊಬ್ಬರ ಮೈಮೇಲಿನದು ನಿನ್ನ ಕೈಯಲ್ಲಿದೆ ಎಂಬುದು ಮರೆತ ದಿನ ಕೆಡುತ್ತದೆ. ಬೇಸಿಗೆ ಕಳೆದು ಕಾಲುವೆಗೆ ಮೊದಲ ನೀರು ಬಿಟ್ಟಾಗ ಊರಿಗೆಲ್ಲ ಸಡಗರ, ಭತ್ತದ ಗದ್ದೆಯವರಿಗೆ ಹಬ್ಬ. ನಮಗೆ ಮಾತ್ರ ಎದೆ ಡವಡವ. ಆ ನೀರು ಕೆಂಪು ಮಣ್ಣು ಹೊತ್ತು ತರುತ್ತದೆ. ಒಂದು ವರ್ಷ ನನ್ನ ಗಂಡ ಆತುರ ಬಿದ್ದು ಮಸ್ಕಿಯ ಒಂದು ಲಾಡ್ಜಿನ ಚಾದರಗಳನ್ನೆಲ್ಲ ಅದೇ ನೀರಿನಲ್ಲಿ ಅದ್ದಿಬಿಟ್ಟ. ಬಿಳಿ ಚಾದರ ಚಹಾ ಸೋಸಿದ ಅರಿವೆಯ ಹಾಗಾದವು. ಎಷ್ಟು ನೀಲಿ ಹಾಕಿದರೂ ಒಳಗಿನ ಕೆಂಪು ಇಣುಕುತ್ತಿತ್ತು. ಲಾಡ್ಜಿನ ಮ್ಯಾನೇಜರ್ ಒಂದು ಚಾದರವನ್ನು ಕಿಟಕಿಗೆ ಹಿಡಿದು, "ಇದರ ಮ್ಯಾಲೆ ಯಾರು ಮಲಗ್ಯಾರ, ಎಮ್ಮಿ ಏನು?" ಎಂದು ಕೇಳಿದನಂತೆ. ಮಳೆಗಾಲ ಮುಗಿಯುವ ತನಕ ಆ ಲಾಡ್ಜಿನ ಬಟ್ಟೆ ನಮಗೆ ಬರಲಿಲ್ಲ. ಅಂದಿನಿಂದ ನಾನು ಮೊದಲ ನೀರಿಗೆ ನನ್ನದೇ ಹಳೆಯ ಸೀರೆ ಅದ್ದಿ ನೋಡುತ್ತಿದ್ದೆ.

ಅಂಗಡಿ ಮುಚ್ಚಿ ಬಂದ ಮೇಲೂ ನನ್ನ ಜೀವ ಅಂಗಡಿಯಲ್ಲೇ ಇರುತ್ತಿತ್ತು. ಇಸ್ತ್ರಿಯ ಕೆಂಡ ಆರಿಸಿದೆನೋ ಇಲ್ಲವೋ, ಡಾಕ್ಟರಮ್ಮನ ರೇಷ್ಮೆ ಸೀರೆಯನ್ನು ಬಣ್ಣ ಬಿಡುವ ರವಿಕೆಯ ಜೊತೆ ಇಟ್ಟೆನೋ ಏನೋ ಎಂದು ಗಂಡನನ್ನು ಎಬ್ಬಿಸಿ ಕಳಿಸುತ್ತಿದ್ದೆ. ಹೋದವನು ಪ್ರತಿ ಸಲವೂ, "ಎಲ್ಲಾ ಬರೋಬ್ಬರಿ ಐತಿ" ಎಂದು ಬರುತ್ತಿದ್ದ. ನಾನು ನಂಬುತ್ತಿರಲಿಲ್ಲ.

ಗುರುತಿನ ವಿಷಯ ಹೇಳದೆ ಮುಂದೆ ಹೋಗಲಾರೆ. ಈಗ ನೀವು ಚೀಟಿ ಹಚ್ಚುತ್ತೀರಿ. ಆಗ ಕಾಲರಿನ ಒಳಗೆ ಕೇರು ಬೀಜದ ಕಪ್ಪು ರಸದಿಂದ ಗುರುತು ಹಾಕುತ್ತಿದ್ದೆವು. ಬಟ್ಟೆ ಹರಿದರೂ ಅದು ಹೋಗುವುದಿಲ್ಲ. ಮೊದಲು ಅಂಗಡಿಯ ಗುರುತು, ಅದರ ಕೆಳಗೆ ಗಿರಾಕಿಯ ಮನೆಯ ಗುರುತು. ನಮ್ಮದು ಅಡ್ಡ ಗೆರೆ. ಮಾಸ್ತರ ಮನೆಯದು ಗೆರೆಯ ಕೆಳಗೆ ಜೋಡಿ ಚುಕ್ಕಿ. ಈ ಓಣಿಯ ಯಾವ ಅಂಗಿ ಯಾರದೆಂದು ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತಿದ್ದೆ.

ಆದರೆ ಗುರುತು ಅಂಗಿ ಯಾರದು ಎಂದು ಹೇಳುತ್ತದೆ, ಯಾರ ಮೈಮೇಲಿದೆ ಎಂದು ಹೇಳುವುದಿಲ್ಲ. ನಮ್ಮವರಲ್ಲಿ ಒಂದು ರೂಢಿಯಿತ್ತು. ಊರಿಗೆಲ್ಲ ಗೊತ್ತು, ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಹೆಣ್ಣು ನೋಡಲು ಹೋಗುವ ಹುಡುಗ ರ‍್ಯಾಕಿನಲ್ಲಿ ಮೈಗೆ ಒಪ್ಪುವ ಗಿರಾಕಿಯ ಅಂಗಿಯೊಂದನ್ನು ತೆಗೆದು ಹಾಕಿಕೊಳ್ಳುವುದು, ಸಂಜೆ ತಂದು ಒಗೆದು ಇಸ್ತ್ರಿ ಮಾಡಿ ಇಟ್ಟುಬಿಡುವುದು. ನನ್ನ ಗಂಡ ನನ್ನನ್ನು ನೋಡಲು ಪಾಮನಕಲ್ಲೂರಿಗೆ ಬಂದದ್ದೂ ಯಾರದೋ ಬಿಳಿ ಅಂಗಿಯಲ್ಲೇ. ಮದುವೆಯಾದ ಮೇಲೆ ಗೊತ್ತಾಯಿತು, ಅದು ಒಬ್ಬ ಬ್ಯಾಂಕಿನವರದು.

ಆ ವರ್ಷ ಲಿಂಗಸುಗೂರಿನಲ್ಲಿ ಬಸವರಾಜನಿಗೆ ಒಂದು ಹೆಣ್ಣು ಗೊತ್ತಾಗಿತ್ತು. ನಾನು ಸೊಸೆಯಾಗಿ ಬಂದಾಗ ಅವನು ಇನ್ನೂ ಚಡ್ಡಿಯಲ್ಲಿದ್ದ, ನನ್ನ ಕೈಯಲ್ಲೇ ಉಂಡು ಬೆಳೆದವನು. ಅತ್ತೆ ಆಗ ತೀರಿಕೊಂಡಿದ್ದಳು. ಹುಡುಗಿಯನ್ನು ನೋಡಿ, ಬರುವಾಗ ಬಳಗಾನೂರಿನ ಒಬ್ಬ ಗಿರಾಕಿಗೆ ಸೀರೆ ಮುಟ್ಟಿಸಿ ಬರುತ್ತೇನೆಂದು ಬೆಳಿಗ್ಗೆ ಹೋದ. ನಾನು ಅಡುಗೆಮನೆಯಲ್ಲಿದ್ದೆ, ಏನು ಹಾಕಿಕೊಂಡು ಹೋದನೆಂದು ನೋಡಲಿಲ್ಲ. ಅವತ್ತು ಬರಲಿಲ್ಲ. ಲಿಂಗಸುಗೂರಿನಲ್ಲಿ ಬೀಗರಾಗುವವರು ಉಳಿಸಿಕೊಂಡಿರಬೇಕು ಎಂದು ಗಂಡ ಅಂದ. ಆಗ ಮೊಬೈಲ್ ಎಲ್ಲರ ಕೈಗೆ ಬಂದಿರಲಿಲ್ಲ, ಕೇಳುವುದಾದರೂ ಯಾರನ್ನು?

ಮರುದಿನ ಬೆಳಿಗ್ಗೆ ಗಂಡ ಬಟ್ಟೆ ತರಲು ಮಸ್ಕಿಗೆ ಹೋಗಿದ್ದ. ಅಂಗಡಿ ತೆಗೆದು ಕಸ ಹೊಡೆಯುತ್ತಿದ್ದೆ. ಒಬ್ಬ ಪೊಲೀಸ್ ಬಂದ. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಒಳಗಿನಿಂದ ಒಂದು ಕೆನೆ ಬಣ್ಣದ ಅಂಗಿ ತೆಗೆದು ಕಾಲರ್ ಹೊರಳಿಸಿ ಹಿಡಿದ.

"ಅಕ್ಕಾ, ಈ ಗುರುತು ನಿಮ್ದಂತಲ್ಲ? ಆ ಕಡೆ ಲಾಂಡ್ರಿಯವರು ಹೇಳಿದ್ರು."

ಅಡ್ಡ ಗೆರೆ, ಕೆಳಗೆ ಜೋಡಿ ಚುಕ್ಕಿ.

"ಎಲ್ಲಿ ಸಿಕ್ಕತ್ರಿ ಇದು?"

"ಗೊರೇಬಾಳದ ಹತ್ರ ಕಾಲುವಿ ದಂಡಿ ಮ್ಯಾಲೆ. ಅಂಗಿ ಐತಿ, ಚಪ್ಪಲಿ ಅದಾವ, ಮನಷ್ಯಾ ಇಲ್ಲ. ಯಾರ್ದು ಹೇಳು."

ಮಾಸ್ತರದು ಎಂದು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ರ‍್ಯಾಕಿನ ಕಡೆ ಕಣ್ಣು ಹೋಯಿತು. ಆ ಅಂಗಿಯನ್ನು ನಾನೇ ಗಂಜಿ ಹಾಕಿ, ಖಾಜಾಸಾಬನಿಂದ ಇಸ್ತ್ರಿ ಮಾಡಿಸಿ, ಮೇಲಿನ ಸಾಲಿನಲ್ಲಿ ಇಟ್ಟಿದ್ದೆ. ಅಲ್ಲಿ ಈಗ ಇಲ್ಲ. ಮಾಸ್ತರು ಬಂದು ಒಯ್ದಿದ್ದರೆ ಗಂಡ ಕೊಟ್ಟಿರಬೇಕು, ಅವನು ಮಸ್ಕಿಯಲ್ಲಿದ್ದಾನೆ. ಒಯ್ದಿಲ್ಲದಿದ್ದರೆ? ಹೆಣ್ಣು ನೋಡಲು ಹೋದವನ ಮೈಗೆ ಆ ಅಂಗಿ ಚೆನ್ನಾಗಿ ಒಪ್ಪುತ್ತಿತ್ತು.

ಕಸಬರಿಗೆ ಕೈಯಿಂದ ಬಿತ್ತು. ಖಾಜಾಸಾಬ ಓಡಿಬಂದ. ಅಂಗಿ ನೋಡಿದ, ರ‍್ಯಾಕ್ ನೋಡಿದ, ನನ್ನ ಮುಖ ನೋಡಿದ. ಅವನಿಗೂ ತಿಳಿಯಿತು. "ಭಾಬೀ, ಫಿಕರ್ ನಕ್ಕೋ ಕರೋ," ಚಿಂತೆ ಮಾಡಬೇಡ, ಅಂದ.

"ಮಾಸ್ತರ ಮನಿದ್ರಿ ಅಂಗಿ. ಹಿಂದಿನ ಓಣ್ಯಾಗ" ಎಂದು ಪೊಲೀಸನಿಗೆ ಹೇಳಿ ನಾನೇ ಮುಂದೆ ನಡೆದೆ.

ಅಂಗಡಿಯಿಂದ ಮಾಸ್ತರ ಮನೆಗೆ ದಾರಿ ಎಷ್ಟು? ಒಂದು ಕೂಗಿನಷ್ಟು. ಆ ದಾರಿಯಲ್ಲಿ ನಡೆದದ್ದನ್ನು ಇವತ್ತಿಗೂ ಮರೆತಿಲ್ಲ. ಬಾಗಿಲು ಮಾಸ್ತರ ಹೆಂಡತಿ ತೆಗೆದು, "ಅವರು ನಿನ್ನೆಯಿಂದ ಬಂದಿಲ್ಲ" ಎಂದರೆ ಆ ಮನೆ ಮುಳುಗಿತು. ಮಾಸ್ತರೇ ಬಾಗಿಲು ತೆಗೆದರೆ ನನ್ನ ಮನೆ ಮುಳುಗಿತು. ಯಾವ ದೇವರಿಗೆ ಏನೆಂದು ಕೈಮುಗಿಯಲಿ? ಆ ಮನುಷ್ಯ ನನಗೆ ಎಂದೂ ಕೆಟ್ಟದ್ದು ಮಾಡಿದವರಲ್ಲ. ಆದರೂ ನನ್ನ ಎದೆ ಒಂದನ್ನೇ ಬಡಿದುಕೊಳ್ಳುತ್ತಿತ್ತು: ಬಾಗಿಲು ತೆಗೆಯುವವರು ಮಾಸ್ತರಾಗದಿರಲಿ. ಹೊಟ್ಟೆಯೊಳಗಿನದು ಹಾಗೇ ಇತ್ತು, ಅದನ್ನು ಚಂದ ಮಾಡಿ ಹೇಳಲಾರೆ.

ಬಾಗಿಲು ತೆರೆಯಿತು. ಮಾಸ್ತರು ಲುಂಗಿ ಬನಿಯನ್‌ನಲ್ಲಿ ನಿಂತಿದ್ದರು, ಗಲ್ಲದ ಮೇಲೆ ಅರ್ಧ ಸೋಪಿನ ನೊರೆ.

ನಾನು ಹೊಸ್ತಿಲ ಮೇಲೆ ಕುಳಿತುಬಿಟ್ಟೆ. "ಮಾಸ್ತರ, ನಮ್ಮ ಬಸವರಾಜ ನಿಮ್ಮ ಅಂಗಿ ಹಾಕ್ಕೊಂಡು ಹೋಗ್ಯಾನ್ರಿ. ಹೆಣ್ಣು ನೋಡಾಕ ಹೋಗಿದ್ದ. ಬಂದಿಲ್ರಿ" ಎಂದೆ.

ಪೊಲೀಸ್ ಕಿವಿ ನಿಮಿರಿಸಿದ. "ಅಂದ್ರ ಗಿರಾಕಿ ಅಂಗಿ ಕೇಳದಾ ಹಾಕ್ಕೊಂಡು..."

"ನಾನಾ ಹಾಕ್ಕೋ ಅಂದಿದ್ದೆ" ಎಂದರು ಮಾಸ್ತರು. ನನ್ನ ಕಡೆ ನೋಡಲೂ ಇಲ್ಲ. "ಸ್ವಲ್ಪ ನಿಲ್ರಿ, ಮುಖ ತೊಳ್ಕೊಂಡು ಬಂದೆ. ನಾನೂ ಬರ್ತೀನಿ."

ಒಂದು ಆಟೋದಲ್ಲಿ ಕಾಲುವೆಗೆ ಹೋದೆವು. ಜನ ಸೇರಿದ್ದರು. ನೀರು ದಂಡೆ ತುಂಬ ಹರಿಯುತ್ತಿತ್ತು, ಸದ್ದೇ ಇಲ್ಲ. ಮುಂದಿನ ಗೇಟಿನ ಹತ್ತಿರ ಕೆಲವರು ಉದ್ದ ಗಳ ಹಿಡಿದು ನೀರು ಕೆದಕುತ್ತಿದ್ದರು. ನನಗೆ ಆ ಕಡೆ ನೋಡಲಾಗಲಿಲ್ಲ. ನಾಟಿಗೆ ಹೊರಟಿದ್ದ ಒಬ್ಬ ಹೆಣ್ಣುಮಗಳು ಅಂಗಿಯನ್ನು ಮೊದಲು ಕಂಡವಳಂತೆ. ಅವಳು ಪೊಲೀಸನಿಗೆ ಮತ್ತೊಮ್ಮೆ ಹೇಳುತ್ತಿದ್ದಳು.

"ಬಿಚ್ಚಿ ಒಗದಂಗ ಇರ್ಲಿಲ್ರಿ. ಅಂಗಡ್ಯಾಗಿಂದ ತಂದಂಗ ಘಡಿ ಮಾಡಿ ಇಟ್ಟಿತ್ತು. ಚಪ್ಪಲಿ ಜೋಡಿಸಿ ಇಟ್ಟಿತ್ತು. ಅಂಗಿ ಮ್ಯಾಲೊಂದು ಕಲ್ಲು. ನೀವಾ ಝಾಡಿಸಿ ಬಿಚ್ಚಿದ್ರಲ್ಲ."

ಪೊಲೀಸ್ ಮಾಸ್ತರನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ. ನನಗೆ ಕೇಳಿಸಿತು. "ಜೀವ ಕೊಡಾಕ ಬಂದೋರಾ ಹಿಂಗ ಒಪ್ಪವಾಗಿ ಇಟ್ಟು ಹೋಗೂದ್ರಿ. ನಾವು ನೋಡೀವಿ. ಹುಡುಗಿ ಕಡ್ಯಾರು ಒಲ್ಲೆ ಅಂದಿರಬೇಕು."

ನಾನು ಮುಂದೆ ಬಂದೆ. "ತೋಳು ಹೆಂಗಿದ್ದವಬೇ?" ಎಂದು ಆ ಹೆಣ್ಣುಮಗಳನ್ನು ಕೇಳಿದೆ. "ಅಂಗಿ ತೋಳು. ಬೆನ್ನ ಮ್ಯಾಲೆ ಅಡ್ಡ ಇದ್ದವೇನು?"

ಅವಳು ತನ್ನ ಎರಡೂ ಕೈಯನ್ನು ಎದೆಯ ಮೇಲೆ ಅಡ್ಡ ಇಟ್ಟು ತೋರಿಸಿದಳು. "ಹಿಂಗ ಇದ್ದವು ನೋಡವ್ವ."

ಅತ್ತೆಯ ಘಡಿ.

"ಅಂವ ಸಾಯಾಕ ಹೋದಂವ ಅಲ್ರಿ" ಎಂದೆ ಪೊಲೀಸನಿಗೆ. "ಅದು ಅವನ ಅಂಗಿ ಅಲ್ಲ, ಗಿರಾಕಿದು. ನಮ್ಮ ಮನ್ಯಾಗ ಬೆಂಕಿ ಬಿದ್ರೂ ಹಂಗಾ ಇಡತೀವಿ. ಕಲ್ಲು ಯಾಕಿಟ್ಟಾನ? ಗಾಳಿಗೆ ಹಾರಬಾರದು ಅಂತ. ವಾಪಸ್ ಬರಾಂವ ಇಡತಾನ್ರಿ ಕಲ್ಲು! ಸಾಯಾಂವ ಯಾಕಿಡತಾನ?"

ಮಾಸ್ತರು ನನ್ನ ಭುಜ ಹಿಡಿದು ಕೂರಿಸಿದರು. ಸತ್ಯ ಹೇಳುತ್ತೇನೆ, ನಾನು ಅಂದದ್ದರ ಮೇಲೆ ನನಗೇ ನಂಬಿಕೆ ಇರಲಿಲ್ಲ. ವಾಪಸ್ ಬರಬೇಕೆಂದು ಇಳಿದವರನ್ನೆಲ್ಲ ಕಾಲುವೆ ವಾಪಸ್ ಕಳಿಸುತ್ತದೆಯೇ? ಗಳದವರು ಏನೋ ಸಿಕ್ಕಿತೆಂದು ಕೂಗಿದರು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ನೋಡಿದರೆ ಒಂದು ಸೀರೆ. ಹಸಿರು ಸೀರೆ, ಗೇಟಿನ ಕಂಬಿಗೆ ಸುತ್ತಿಕೊಂಡಿತ್ತು.

ಹಾಗೆ ಎಷ್ಟು ಹೊತ್ತು ಕುಳಿತೆವೋ. ಬಿಸಿಲು ನೆತ್ತಿಗೆ ಬಂದಿತ್ತು. ಮಾಸ್ತರು ಶಾಲೆಗೆ ಹೋಗಲಿಲ್ಲ. ನೀರು ತಂದು ಕೊಟ್ಟರು, ನಾನು ಕುಡಿಯಲಿಲ್ಲ. ಆಗ ಆಚೆ ದಂಡೆಯ ಮೇಲೆ ಒಂದು ಟ್ರ್ಯಾಕ್ಟರ್ ಬಂತು. ಸೇತುವೆ ದಾಟಿ ಈಚೆ ಬಂದು ನಿಂತಿತು. ಟ್ರೇಲರಿನಿಂದ ಕ್ಯಾಂಪಿನ ರೈತನೊಬ್ಬ ಇಳಿದ. ಅವನ ಹೆಗಲು ಹಿಡಿದು, ಯಾರದೋ ದೊಡ್ಡ ಜುಬ್ಬಾ ತೊಟ್ಟು, ಪಾದಕ್ಕೆ ಅರಿವೆ ಸುತ್ತಿಕೊಂಡು, ಕುಂಟುತ್ತ ಇಳಿದವನು ಬಸವರಾಜ.

ಹಿಂದಿನ ಸಂಜೆ ಬಳಗಾನೂರಿನಿಂದ ದಂಡೆ ಹಿಡಿದು ಬರುತ್ತಿದ್ದನಂತೆ. ಕ್ಯಾಂಪಿನ ಒಬ್ಬ ಹೆಣ್ಣುಮಗಳು ಕಾಲುವೆ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದಳು. ನೀರಿನಲ್ಲಿ ತೇಲಿಹೋಗುತ್ತಿದ್ದ ಆ ಹಸಿರು ಸೀರೆ ಹಿಡಿಯಲು ಹೋಗಿ ಜಾರಿದಳು. ಇವನು ಹಾರಿ ಅವಳನ್ನು ಹಿಡಿದ. ನೀರು ಇಬ್ಬರನ್ನೂ ಬಹಳ ದೂರ ಎಳೆದೊಯ್ದು ಆಚೆ ದಂಡೆಗೆ ಹಾಕಿತು. ಕ್ಯಾಂಪಿನವರು ಎತ್ತಿಕೊಂಡು ಹೋಗಿ ಡಾಕ್ಟರಿಗೆ ತೋರಿಸಿದರು. ಇವನು ಜ್ವರ ಬಂದು, ಬೆಳಗಾಗುವ ತನಕ ಎಚ್ಚರವಿಲ್ಲದೆ ಮಲಗಿದ್ದ. ಇದೆಲ್ಲ ಆಮೇಲೆ ಆ ರೈತ ಹೇಳಿದ್ದು. "ಬಂಗಾರಮಂಟಿ ಅಬ್ಬಾಯಿ ಅಮ್ಮಾ", ಬಂಗಾರದಂಥ ಹುಡುಗ, ಎಂದು ನನಗೆ ಕೈಮುಗಿದ.

ಬಸವರಾಜ ನನ್ನ ಮುಂದೆ ಬಂದು ನಿಂತು ಆಡಿದ ಮೊದಲ ಮಾತು ಇದು:

"ಅತ್ತಿಗಿ, ಮಾಸ್ತರ ಅಂಗಿ ಸಿಕ್ಕತೇನು? ಕಲ್ಲಿಟ್ಟಿದ್ದೆ."

ಎರಡೂ ಕೆನ್ನೆಗೆ ಬಾರಿಸಿದೆ. ಆಮೇಲೆ ಅವನನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಒಬ್ಬಳು ಮುಳುಗುತ್ತಿದ್ದಾಗ ನಿಂತು ತೋಳು ಅಡ್ಡ ಹಾಯಿಸಿದೆಯಾ ಎಂದು ಬೈದೆ. "ಕೈ ತಾನಾ ಮಾಡ್ತು ಅತ್ತಿಗಿ, ನನಗ ಗೊತ್ತಾ ಆಗ್ಲಿಲ್ಲ" ಅಂದ. ಅದು ಸುಳ್ಳಲ್ಲ. ನನ್ನ ಕೈಯೂ ಹಾಗೇ ಮಾಡುತ್ತಿತ್ತು.

ಮಾಸ್ತರು ಹತ್ತಿರ ಬಂದು ಅವನ ತಲೆ ಮೇಲೆ ಕೈ ಇಟ್ಟರು. "ಅಂಗಿ ಮುಂಜಾನೆನಾ ಸಿಕ್ಕತೋ ಮಾರಾಯ. ನೀ ಸಿಕ್ಕಿರಲಿಲ್ಲ" ಅಂದರು. ಆಮೇಲೆ, "ಹುಡುಗಿ ಏನಂದ್ಲು?" ಎಂದು ಕೇಳಿದರು.

ಬಸವರಾಜ ತಲೆ ತಗ್ಗಿಸಿದ. "ಒಪ್ಯಾಳ್ರಿ. ಅಂಗಿ ಚಂದೈತಿ ಅಂದ್ಲಂತ."

ಅಂಗಿ ಠಾಣೆಯಿಂದ ಬಿಡಿಸಿಕೊಂಡು ಬಂದವರೂ ಮಾಸ್ತರೇ. ನನ್ನ ಮುಂದೆ ಇಟ್ಟು, "ಒಗದು ಕೊಡು" ಅಂದರು, ಅಷ್ಟೇ. ಕೇಳದೆ ಯಾಕೆ ಹಾಕಿಕೊಂಡ ಎಂದು ಅವತ್ತೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ನಾನು ಒಗೆದೆ. ಅವರು ಅದನ್ನು ಕಾಲರ್ ಹರಿಯುವ ತನಕ ಹಾಕಿಕೊಂಡರು. ಒಗೆಯಲು ಬಂದಾಗಲೆಲ್ಲ ಮೊದಲು ಆ ಜೋಡಿ ಚುಕ್ಕಿ ನೋಡುತ್ತಿದ್ದೆ. ಬಾಗಿಲಿಗೆ ನಡೆದುಹೋದ ದಾರಿಯಲ್ಲಿ ನನ್ನ ಎದೆ ಏನು ಬೇಡಿತ್ತೆಂದು ಆ ಮನುಷ್ಯನಿಗೆ ಹೇಳಲು ಬಾಯಿ ಬರಲಿಲ್ಲ. ಈಗ ಅವರಿಲ್ಲ.

ನಮ್ಮ ಅಂಗಡಿಯಲ್ಲಿ ಆ ರೂಢಿ ಅವತ್ತಿಗೇ ನಿಂತಿತು. ಗಿರಾಕಿ ಅಂಗಿ ಗಿರಾಕಿಗೇ. ಆದರೂ ರ‍್ಯಾಕಿನಲ್ಲಿ ಇಟ್ಟದ್ದು ಇಟ್ಟ ಜಾಗದಲ್ಲಿ ಕಾಣದಿದ್ದರೆ ನಾನು ಮೊದಲು ನೋಡುತ್ತಿದ್ದುದು ಬಟ್ಟೆಯನ್ನಲ್ಲ, ಮನೆಯವರೆಲ್ಲ ಇದ್ದಾರೋ ಇಲ್ಲವೋ ಎಂದು.

ಸುಮಾ, ಅಂಗಿ ಚಂದೈತಿ ಅಂದ ಆ ಲಿಂಗಸುಗೂರಿನ ಹುಡುಗಿ ನಿನ್ನವ್ವ. ಅಂಗಿಯ ಮೇಲೆ ಕಲ್ಲಿಟ್ಟು ಹೋದವನು ನಿನ್ನಪ್ಪ. ಅವನು ಈ ಮಾತನ್ನು ನಿನಗೆ ಹೇಳಿರಲಿಕ್ಕಿಲ್ಲ, ಅವನಿಗೆ ನಾಚಿಕೆ. ಲಾಂಡ್ರಿ ಹಳೆಯ ಮಾತು ಅನ್ನುತ್ತೀಯಲ್ಲ, ಹೌದು, ನೀನು ಅಂದುಕೊಂಡದ್ದಕ್ಕಿಂತ ಹಳೆಯದು. ಬೇಕಿದ್ದರೆ ಇಟ್ಟುಕೋ, ಬೇಡದಿದ್ದರೆ ಬಿಡು. ಆದರೆ ಬೋರ್ಡಿನ ಮೇಲೆ ಈ ಸಲ ಮನುಷ್ಯರೂ ಇರಲಿ.

ಇಷ್ಟು ಬರೆದು ಅವಳಿಗೆ ಓದಲು ಕಳಿಸಿದೆ. ನಿನ್ನೆ ಮೊಬೈಲಿಗೆ ಒಂದು ಫೋಟೊ ಬಂತು. ಹೊಸ ಬೋರ್ಡ್, ದೊಡ್ಡ ಅಕ್ಷರದಲ್ಲಿ 'ಬಸವರಾಜ ಲಾಂಡ್ರಿ'. ಅದರ ಕೆಳಗೆ ಬಸವರಾಜ ನಿಂತಿದ್ದಾನೆ, ತಲೆ ಎಲ್ಲ ಬೆಳ್ಳಗಾಗಿದೆ, ಮೈಮೇಲೆ ಕೆನೆ ಬಣ್ಣದ ಅಂಗಿ. ಕೂಡಲೇ ಅವನಿಗೆ ಫೋನ್ ಹಚ್ಚಿದೆ. ಬೋರ್ಡಿನ ಮಾತು ಎತ್ತಲೇ ಇಲ್ಲ.

"ಅಂಗಿ ಯಾರ್ದೋ?" ಎಂದೆ.

"ನಂದಾ, ಅತ್ತಿಗಿ" ಅಂದ.